ಒಹಾಯೊದಲ್ಲಿ ಮದುವೆ ಲೈಸೆನ್ಸ್ ಪಡೆಯುವುದು, ಹಳೆಯ ಮದುವೆ ದಾಖಲೆ ಹುಡುಕುವುದು

ಅಮೆರಿಕದ ಒಹಾಯೊ ರಾಜ್ಯದಲ್ಲಿ ಮದುವೆಗೆ ಸಂಬಂಧಿಸಿದ ಕಾಗದಪತ್ರವೆಲ್ಲ ಕೌಂಟಿಯ (ನಮ್ಮ ಜಿಲ್ಲೆಯಂಥ ವಿಭಾಗ) ಪ್ರೊಬೇಟ್ ಕೋರ್ಟ್‌ನ ಕೈಯಲ್ಲಿ ಇರುತ್ತದೆ. ಮದುವೆಗೆ ಮುಂಚೆ ಪಡೆಯಬೇಕಾದ ಅನುಮತಿ, ಅಂದರೆ ಲೈಸೆನ್ಸ್, ಕೊಡುವುದು ಅದೇ ಕೋರ್ಟ್. ಮದುವೆಯಾದ ಮೇಲೆ ದಾಖಲೆ ಇಟ್ಟುಕೊಳ್ಳುವುದೂ ಅದೇ. ಮೂವತ್ತು ವರ್ಷ ಬಿಟ್ಟು ಹೋಗಿ ಕೇಳಿದರೆ ಪ್ರತಿ ತೆಗೆದುಕೊಡುವುದೂ ಅದೇ ಕೋರ್ಟ್. ರಾಜ್ಯದಲ್ಲಿ 88 ಕೌಂಟಿಗಳಿವೆ, ಪ್ರತಿ ಕೌಂಟಿಗೂ ತನ್ನದೇ ಪ್ರೊಬೇಟ್ ಕೋರ್ಟ್ ಇದೆ. ಹಾಗಾಗಿ ನಿಮ್ಮ ಲೈಸೆನ್ಸ್ ಯಾವ ಕೌಂಟಿಯದು ಅನ್ನುವುದನ್ನು ಮದುವೆ ತಾರೀಖಿನಷ್ಟೇ ಚೆನ್ನಾಗಿ ನೆನಪಿಟ್ಟುಕೊಳ್ಳಿ. ಇದೊಂದು ಗೊತ್ತಿದ್ದರೆ ಮುಂದಿನ ಅರ್ಧ ಕೆಲಸ ಹಗುರ.

ಇದು ಒಹಾಯೊದ ಕ್ರಮ. ಕ್ಯಾಲಿಫೋರ್ನಿಯಾ, ಟೆಕ್ಸಸ್‌ಗಳಲ್ಲಿ ಈ ಕೆಲಸ ಕೌಂಟಿ ಕ್ಲರ್ಕ್ ಕಚೇರಿಯದು. ಅಲ್ಲಿರುವ ಸ್ನೇಹಿತರು ಹೇಳಿದ್ದನ್ನೇ ನಂಬಿಕೊಂಡು ಇಲ್ಲಿ ಹೊರಡಬೇಡಿ, ನಿಯಮಗಳು ಬೇರೆ.

ಕೋರ್ಟ್ ಅಂದ ಕೂಡಲೇ ಕೆಲವರು ಗಾಬರಿಯಾಗುತ್ತಾರೆ. ಪ್ರೊಬೇಟ್ ಕೋರ್ಟ್ ಅಂದರೆ ಉಯಿಲು, ತೀರಿಕೊಂಡವರ ಆಸ್ತಿ, ದತ್ತು, ಗಾರ್ಡಿಯನ್ ನೇಮಕ ಇಂಥವನ್ನು ನೋಡುವ ಜಾಗ. ಮದುವೆ ಲೈಸೆನ್ಸ್‌ಗೆ ನೀವು ಜಡ್ಜ್ ಮುಂದೆ ನಿಲ್ಲಬೇಕಾಗಿಲ್ಲ. ಅದು ಕೌಂಟರ್‌ನಲ್ಲಿ ಮುಗಿಯುವ ಕೆಲಸ, ವಕೀಲರೂ ಬೇಡ.

ಯಾವ ಕೌಂಟಿಗೆ ಹೋಗಬೇಕು

ವಧು ವರರಲ್ಲಿ ಯಾರಾದರೂ ಒಬ್ಬರು ಒಹಾಯೊದಲ್ಲಿ ವಾಸವಿದ್ದರೆ, ಅವರು ಇರುವ ಕೌಂಟಿಯ ಕೋರ್ಟ್‌ಗೇ ಹೋಗಬೇಕು. ಇಬ್ಬರೂ ಇಲ್ಲೇ ಇದ್ದು ಬೇರೆ ಬೇರೆ ಕೌಂಟಿಯವರಾದರೆ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬಹುದು. ಇಬ್ಬರೂ ಹೊರ ರಾಜ್ಯದವರು, ಆದರೆ ಮದುವೆ ಮಾತ್ರ ಇಲ್ಲಿ ಅಂತಾದರೆ, ಮದುವೆ ನಡೆಯುವ ಕೌಂಟಿಯಲ್ಲಿ ಅರ್ಜಿ ಹಾಕಬೇಕು.

ಕೇಳಲು ಸುಲಭ, ಆದರೆ ನಮ್ಮ ಜನ ಜಾಸ್ತಿ ಇರುವ ಊರುಗಳಲ್ಲೇ ಗೊಂದಲ ಇದೆ. ಕೊಲಂಬಸ್ ಪಕ್ಕದ ಡಬ್ಲಿನ್ ಊರು ಫ್ರಾಂಕ್ಲಿನ್, ಡೆಲವೇರ್, ಯೂನಿಯನ್ ಮೂರೂ ಕೌಂಟಿಗಳಲ್ಲಿ ಹರಡಿಕೊಂಡಿದೆ. ವಿಳಾಸದಲ್ಲಿ ಡಬ್ಲಿನ್ ಅಂತ ಇದ್ದ ಮಾತ್ರಕ್ಕೆ ಕೊಲಂಬಸ್ ಡೌನ್‌ಟೌನ್‌ನಲ್ಲಿರುವ ಫ್ರಾಂಕ್ಲಿನ್ ಕೌಂಟಿ ಕೋರ್ಟ್‌ಗೆ ಹೋಗಬೇಕು ಅಂತ ಅಂದುಕೊಳ್ಳಬೇಡಿ. ನಿಮ್ಮ ಮನೆ ಡೆಲವೇರ್ ಕೌಂಟಿಯ ಭಾಗದಲ್ಲಿದ್ದರೆ ಡೆಲವೇರ್ ಊರಿಗೆ, ಯೂನಿಯನ್ ಕೌಂಟಿಯ ಭಾಗದಲ್ಲಿದ್ದರೆ ಮೇರಿಸ್‌ವಿಲ್‌ಗೆ ಹೋಗಬೇಕು. ಸಿನ್ಸಿನಾಟಿ ಕಡೆ ಇನ್ನೊಂದು ತೊಡಕು. ಸಿನ್ಸಿನಾಟಿ ಇರುವುದು ಹ್ಯಾಮಿಲ್ಟನ್ ಕೌಂಟಿಯಲ್ಲಿ. ಆದರೆ ಹ್ಯಾಮಿಲ್ಟನ್ ಅನ್ನುವ ಊರು ಪಕ್ಕದ ಬಟ್ಲರ್ ಕೌಂಟಿಯ ಕೇಂದ್ರ! ವೆಸ್ಟ್ ಚೆಸ್ಟರ್‌ನವರು ಬಟ್ಲರ್ ಕೌಂಟಿಗೆ ಸೇರುತ್ತಾರೆ, ಮೇಸನ್‌ನವರು ವಾರನ್ ಕೌಂಟಿಗೆ. ನಿಮ್ಮದು ಯಾವುದು ಅಂತ ಅನುಮಾನ ಇದ್ದರೆ ಮನೆಯ ಪ್ರಾಪರ್ಟಿ ಟ್ಯಾಕ್ಸ್ ಬಿಲ್ ನೋಡಿ. ಬಾಡಿಗೆ ಮನೆಯಾದರೆ ವೋಟರ್ ಪಟ್ಟಿಯ ವೆಬ್‌ಸೈಟ್‌ನಲ್ಲೋ ಆಸ್ತಿ ಲೆಕ್ಕ ಇಡುವ ಕೌಂಟಿ ಆಡಿಟರ್ ವೆಬ್‌ಸೈಟ್‌ನಲ್ಲೋ ವಿಳಾಸ ಹಾಕಿ ನೋಡಬಹುದು.

ಲೈಸೆನ್ಸ್ ಎಲ್ಲಿಂದ ತಂದರೂ ಅದು ಇಡೀ ಒಹಾಯೊದಲ್ಲಿ ನಡೆಯುತ್ತದೆ. ಫ್ರಾಂಕ್ಲಿನ್ ಕೌಂಟಿಯಲ್ಲಿ ಲೈಸೆನ್ಸ್ ತೆಗೆದುಕೊಂಡು ಡೆಲವೇರ್ ಕೌಂಟಿಯ ಪವೆಲ್‌ನಲ್ಲಿರುವ ಭಾರತೀಯ ಹಿಂದೂ ದೇವಸ್ಥಾನದಲ್ಲಿ ಮದುವೆ ಮಾಡಿಕೊಂಡರೆ ಏನೂ ತೊಂದರೆಯಿಲ್ಲ. ರಾಜ್ಯದ ಗಡಿ ದಾಟಿ ಹೋದರೆ ಮಾತ್ರ ಆ ಕಾಗದಕ್ಕೆ ಬೆಲೆಯಿಲ್ಲ. ಬೆಂಗಳೂರಿನಲ್ಲಿ ಛತ್ರ ಗೊತ್ತು ಮಾಡಿದ್ದರೆ ಒಹಾಯೊ ಲೈಸೆನ್ಸ್ ಬೇಕಾಗಿಯೇ ಇಲ್ಲ. ಅಲ್ಲಿ ಮದುವೆಯಾಗಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಿ.

ಯಾವಾಗ ಅರ್ಜಿ ಹಾಕಬೇಕು

ಲೈಸೆನ್ಸ್ ಕೈಗೆ ಬಂದ ದಿನದಿಂದ 60 ದಿನ ಮಾತ್ರ ಚಾಲ್ತಿಯಲ್ಲಿರುತ್ತದೆ. ಅಷ್ಟರೊಳಗೆ ಮದುವೆ ನಡೆಯದಿದ್ದರೆ ಮತ್ತೆ ಹೊಸ ಅರ್ಜಿ, ಮತ್ತೆ ಫೀಸು. ಕಾಯುವ ಅವಧಿ ಏನೂ ಇಲ್ಲ, ರಕ್ತ ಪರೀಕ್ಷೆಯೂ ಇಲ್ಲ. ಮುಹೂರ್ತ ನವೆಂಬರ್ 20ಕ್ಕೆ ಇದೆ ಅಂದುಕೊಳ್ಳಿ. ಅಕ್ಟೋಬರ್ ಎರಡನೇ ಅಥವಾ ಮೂರನೇ ವಾರದಲ್ಲಿ ಹೋಗಿ ಬಂದರೆ ಸರಿಯಾಗುತ್ತದೆ. ಆಗಸ್ಟ್‌ನಲ್ಲೇ ತಂದಿಟ್ಟುಕೊಂಡರೆ ಅದು ಮುಹೂರ್ತದ ಹೊತ್ತಿಗೆ ಸತ್ತುಹೋಗಿರುತ್ತದೆ. ಹಿಂದಿನ ದಿನಕ್ಕೆ ಇಟ್ಟುಕೊಳ್ಳುವುದೂ ಬೇಡ. ಒಂದು ಕಾಗದ ಕಡಿಮೆಯಾದರೆ ಸಾಕು, ನೆಂಟರೆಲ್ಲ ಬಂದು ಕೂತಿರುವಾಗ ನೀವು ಕೋರ್ಟ್ ಬಾಗಿಲಲ್ಲಿ ನಿಂತಿರುತ್ತೀರಿ.

ಏನೇನು ತೆಗೆದುಕೊಂಡು ಹೋಗಬೇಕು

ಇಬ್ಬರೂ ಖುದ್ದಾಗಿ ಹೋಗಬೇಕು. ಒಬ್ಬರ ಪರವಾಗಿ ಅಪ್ಪ ಅಮ್ಮನೋ ಅಣ್ಣನೋ ಹೋದರೆ ನಡೆಯುವುದಿಲ್ಲ. ಕಾಯಿಲೆಯಂಥ ಕೆಲವು ಸಂದರ್ಭಗಳಿಗೆ ಕಾನೂನಿನಲ್ಲೇ ವಿನಾಯಿತಿ ಇದೆ, ಅದನ್ನು ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ.

ಫೋಟೋ ಇರುವ ಗುರುತಿನ ಚೀಟಿ ಬೇಕು. ಭಾರತದಿಂದ ಬಂದವರಿಗೆ ಪಾಸ್‌ಪೋರ್ಟ್ ಎಲ್ಲಕ್ಕಿಂತ ಒಳ್ಳೆಯದು. ಸೋಷಿಯಲ್ ಸೆಕ್ಯುರಿಟಿ ನಂಬರ್ (ಅಮೆರಿಕ ಸರ್ಕಾರ ಕೊಡುವ ಗುರುತಿನ ಸಂಖ್ಯೆ) ಇದ್ದವರು ಅದನ್ನು ಹೇಳಬೇಕಾಗುತ್ತದೆ. ಹೊಸದಾಗಿ ಬಂದು ಇನ್ನೂ ನಂಬರ್ ಸಿಗದವರು ಕೋರ್ಟ್‌ಗೆ ಮೊದಲೇ ಫೋನ್ ಮಾಡಿ, ಅವರು ಯಾವ ಕಾಗದ ಕೇಳುತ್ತಾರೆ ಅಂತ ತಿಳಿದುಕೊಂಡು ಹೊರಡಿ. ಮೊದಲೊಂದು ಮದುವೆಯಾಗಿ ವಿಚ್ಛೇದನ ಆಗಿದ್ದರೆ ಡಿಕ್ರಿಯ ಸರ್ಟಿಫೈಡ್ ಪ್ರತಿ (ಕೋರ್ಟ್ ಮೊಹರು ಇರುವ ಪ್ರತಿ) ಜೊತೆಗಿರಲಿ. ಭಾರತದ ಕೋರ್ಟ್‌ನ ಡಿಕ್ರಿ ಕನ್ನಡದಲ್ಲಿದ್ದರೆ ಇಂಗ್ಲಿಷ್ ಅನುವಾದವನ್ನೂ ಮಾಡಿಸಿಟ್ಟುಕೊಳ್ಳಿ. ಹಿಂದಿನ ಸಂಗಾತಿ ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರವನ್ನೂ ಇಟ್ಟುಕೊಂಡಿರುವುದು ಒಳ್ಳೆಯದು.

ಫೀಸು ಕೌಂಟಿಯಿಂದ ಕೌಂಟಿಗೆ ಬೇರೆ, ಸಾಮಾನ್ಯವಾಗಿ 40ರಿಂದ 75 ಡಾಲರ್ ನಡುವೆ ಇರುತ್ತದೆ. ಕೆಲವು ಕಡೆ ನಗದು ಮಾತ್ರ ತೆಗೆದುಕೊಳ್ಳುತ್ತಾರೆ, ಆದ್ದರಿಂದ ಕಾರ್ಡ್ ನಂಬಿಕೊಂಡು ಹೋಗಬೇಡಿ. ಈ ಹಣದಲ್ಲಿ 17 ಡಾಲರ್ ಕೌಟುಂಬಿಕ ಹಿಂಸೆಗೆ ಸಿಕ್ಕಿದವರ ಆಶ್ರಯ ಮನೆಗಳಿಗೆ ಹೋಗುತ್ತದೆ ಅಂತ ರಾಜ್ಯದ ಕಾನೂನೇ ಹೇಳುತ್ತದೆ. ಹೊಸ ಸಂಸಾರ ಶುರುವಾಗುವ ಹೊತ್ತಿಗೆ ಕಷ್ಟದಲ್ಲಿರುವ ಇನ್ನೊಂದು ಮನೆಗೆ ಇಷ್ಟಾದರೂ ಸೇರಲಿ ಅನ್ನುವ ಈ ಏರ್ಪಾಡು ನನಗೆ ತುಂಬ ಇಷ್ಟ.

ಹಲವು ಕೌಂಟಿಗಳಲ್ಲಿ ಅರ್ಜಿಯನ್ನು ಮೊದಲೇ ಆನ್‌ಲೈನ್‌ನಲ್ಲಿ ತುಂಬಿ, ಆಮೇಲೆ ಕೌಂಟರ್‌ಗೆ ಹೋಗಿ ಪ್ರಮಾಣ ಮಾಡಿ ಮುಗಿಸಬಹುದು. ಹಾಗಿದ್ದರೆ ಅದನ್ನೇ ಮಾಡಿ. ಮನೆಯಲ್ಲಿ ಕೂತು ಪಾಸ್‌ಪೋರ್ಟ್ ಎದುರಿಗಿಟ್ಟುಕೊಂಡು ತುಂಬಿದರೆ ತಪ್ಪು ಕಡಿಮೆ.

ಹೆಸರಿನ ವಿಷಯದಲ್ಲಿ ಸ್ವಲ್ಪ ನಿಧಾನಿಸಿ

ಅರ್ಜಿಯಲ್ಲಿ ಹೆಸರು, ವಯಸ್ಸು, ಹುಟ್ಟಿದ ಊರು, ಕೆಲಸ, ತಂದೆಯ ಹೆಸರು, ತಾಯಿಯ ಮದುವೆಗೆ ಮುಂಚಿನ ಹೆಸರು ಕೇಳುತ್ತಾರೆ. ಕನ್ನಡದವರು ಎಡವುವುದು ಇಲ್ಲಿಯೇ.

ನಮ್ಮಲ್ಲಿ ಎಷ್ಟೋ ಜನರಿಗೆ ಮನೆತನದ ಹೆಸರು ಅಂತ ಇರುವುದೇ ಇಲ್ಲ. ಹೆಸರಿನ ಮುಂದೆ ಊರಿನ ಒಂದಕ್ಷರ, ಅಪ್ಪನ ಒಂದಕ್ಷರ, ಅಷ್ಟೇ ಅಲ್ವಾ? ಪಾಸ್‌ಪೋರ್ಟ್‌ನಲ್ಲಿ ಕೆಲವರದ್ದು ಇನಿಷಿಯಲ್ ಬಿಡಿಸಿ ಬರೆದಿರುತ್ತದೆ. ಕೆಲವರದ್ದು ಸರ್‌ನೇಮ್ ಜಾಗವೇ ಖಾಲಿ. ಹಾಗೆ ಖಾಲಿ ಇದ್ದವರ ಅಮೆರಿಕ ವೀಸಾದಲ್ಲಿ ಮೊದಲ ಹೆಸರಿನ ಜಾಗಕ್ಕೆ ಎಫ್‌ಎನ್‌ಯು (ಫಸ್ಟ್ ನೇಮ್ ಅನ್‌ನೋನ್, ಅಂದರೆ ಮೊದಲ ಹೆಸರು ಗೊತ್ತಿಲ್ಲ) ಅನ್ನುವ ಮೂರಕ್ಷರ ಬಂದು, ಇರುವ ಹೆಸರು ಸರ್‌ನೇಮ್ ಆಗಿಬಿಟ್ಟಿರುತ್ತದೆ. ಡ್ರೈವಿಂಗ್ ಲೈಸೆನ್ಸ್‌ನಲ್ಲಿ ಮತ್ತೊಂದು ಥರ ಇರಬಹುದು. ಈ ಮೂರೂ ಹೊಂದದಿದ್ದರೆ ಅರ್ಜಿ ತುಂಬುವ ಮೊದಲೇ ಕೂತು ಯೋಚಿಸಿ. ಮದುವೆ ದಾಖಲೆಯಲ್ಲಿ ಪಾಸ್‌ಪೋರ್ಟ್‌ನ ಹೆಸರು ಅಕ್ಷರಕ್ಕೆ ಅಕ್ಷರ ಇರಲಿ ಅನ್ನುವುದು ನನ್ನ ಸಲಹೆ. ಯಾಕೆಂದರೆ ನಾಳೆ ವೀಸಾ, ಗ್ರೀನ್ ಕಾರ್ಡ್, ಓಸಿಐ (ಭಾರತದ ನಂಟಿರುವ ವಿದೇಶಿ ಪ್ರಜೆಗಳಿಗೆ ಭಾರತ ಕೊಡುವ ಕಾರ್ಡ್) ಯಾವುದಕ್ಕೆ ಹೋದರೂ ಈ ಎರಡನ್ನು ಪಕ್ಕಪಕ್ಕ ಇಟ್ಟು ನೋಡುತ್ತಾರೆ.

ತಾಯಿಯ ಹೆಸರಿನದ್ದೂ ಇದೇ ಕಥೆ. ಅಮ್ಮನಿಗೆ ತವರಿನ ಸರ್‌ನೇಮ್ ಇಲ್ಲದಿದ್ದರೆ ಸುಮ್ನೆ ಏನೋ ಒಂದು ಹುಟ್ಟಿಸಿ ಬರೆಯಬೇಡಿ. ಅವರಿಗೆ ಮದುವೆಗೆ ಮುಂಚೆ ಶಾಲೆಯಲ್ಲಿ ಯಾವ ಹೆಸರಿತ್ತೋ ಅದನ್ನು ಬರೆಯಿರಿ. ಊರಿಗೆ ಫೋನ್ ಮಾಡಿ ಅಮ್ಮನನ್ನೇ ಕೇಳಿ. ನಾಳೆ ಮೊಮ್ಮಕ್ಕಳು ವಂಶದ ಹೆಸರು ಹುಡುಕಿದಾಗ ಅವರಿಗೆ ಸಿಗುವ ಕಾಗದ ಇದೇ ಇರಬಹುದು.

ಕೌಂಟರ್‌ನಲ್ಲಿ ಲೈಸೆನ್ಸ್ ಕೊಟ್ಟಾಗ ಅಲ್ಲೇ ನಿಂತು ಓದಿ. ಹುಟ್ಟಿದ ತಾರೀಖನ್ನು ಮುಖ್ಯವಾಗಿ ನೋಡಿ, ನಾವು ದಿನ ಮೊದಲು ಬರೆಯುತ್ತೇವೆ, ಇಲ್ಲಿ ತಿಂಗಳು ಮೊದಲು. ಅಲ್ಲೇ ಹೇಳಿದರೆ ಒಂದು ನಿಮಿಷದ ಕೆಲಸ. ಮದುವೆಯಾಗಿ ದಾಖಲೆ ಸೇರಿದ ಮೇಲೆ ತಿದ್ದಿಸಬೇಕಾದರೆ ಮತ್ತೆ ಅರ್ಜಿ, ಪುರಾವೆ ಅಂತ ಓಡಾಟ.

ವಯಸ್ಸು, ಸಂಬಂಧ

ಇಬ್ಬರಿಗೂ 18 ತುಂಬಿರಬೇಕು. 17 ವರ್ಷದವರಿಗೆ ಜುವೆನೈಲ್ ಕೋರ್ಟ್ (ಅಪ್ರಾಪ್ತರ ವಿಷಯ ನೋಡುವ ಕೋರ್ಟ್) ಒಪ್ಪಿಗೆ ಬೇಕು, ಅದಕ್ಕೂ ಹಲವು ಷರತ್ತುಗಳಿವೆ.

ಸಂಬಂಧದ ನಿಯಮವನ್ನು ನಮ್ಮವರು ಗಮನವಿಟ್ಟು ಓದಬೇಕು. ಒಹಾಯೊ ಕಾನೂನಿನ ಪ್ರಕಾರ ವಧು ವರರು ಸೆಕೆಂಡ್ ಕಸಿನ್‌ಗಿಂತ ಹತ್ತಿರದ ರಕ್ತಸಂಬಂಧಿಗಳಾಗಿರಬಾರದು. ಅಂದರೆ ಸೋದರಮಾವನ ಮಗಳು, ಸೋದರತ್ತೆಯ ಮಗ, ಅಕ್ಕನ ಮಗಳು ಇವರ ಜೊತೆ ಮದುವೆಗೆ ಇಲ್ಲಿ ಲೈಸೆನ್ಸ್ ಸಿಗುವುದಿಲ್ಲ. ಕರ್ನಾಟಕದ ಎಷ್ಟೋ ಮನೆಗಳಲ್ಲಿ ಇದು ತಲೆತಲಾಂತರದಿಂದ ನಡೆದುಬಂದ ಸಂಬಂಧ. ಹಿಂದೂ ವಿವಾಹ ಕಾಯ್ದೆಯೂ ರೂಢಿ ಇದ್ದಲ್ಲಿ ಇದಕ್ಕೆ ಜಾಗ ಕೊಡುತ್ತದೆ. ಹಾಗಾದರೆ ಊರಿನಲ್ಲಿ ಮಾವನ ಮಗಳನ್ನು ಮದುವೆಯಾಗಿ ಇಲ್ಲಿಗೆ ಬಂದವರ ಗತಿ ಏನು? ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಮದುವೆಯಾದ ಫಸ್ಟ್ ಕಸಿನ್ (ಒಡಹುಟ್ಟಿದವರ ಮಕ್ಕಳು) ದಂಪತಿಯ ವಿಷಯ 1958ರಲ್ಲಿ ಒಹಾಯೊ ಸುಪ್ರೀಂ ಕೋರ್ಟ್‌ಗೆ ಬಂದಿತ್ತು. ಮಜೋಲಿನಿ ಪ್ರಕರಣ ಅಂತ ಅದರ ಹೆಸರು. ಮದುವೆ ನಡೆದ ಜಾಗದಲ್ಲಿ ಅದು ಕಾನೂನುಬದ್ಧವಾಗಿದ್ದರಿಂದ ಇಲ್ಲಿಯೂ ಮಾನ್ಯ ಅಂತ ಕೋರ್ಟ್ ಹೇಳಿತು. ಅಕ್ಕನ ಮಗಳನ್ನು ಮದುವೆಯಾದವರ ಸಂಬಂಧ ಇದಕ್ಕಿಂತ ಹತ್ತಿರದ್ದು. ಅಂಥವರು ಇಮಿಗ್ರೇಷನ್ ಅರ್ಜಿ ಹಾಕುವ ಮೊದಲು ಒಬ್ಬ ವಕೀಲರನ್ನು ಕೇಳಿಕೊಳ್ಳುವುದು ಕ್ಷೇಮ.

ಮದುವೆ ಮಾಡಿಸುವವರು ಯಾರು

ಪುರೋಹಿತರು ಮಂತ್ರ ಹೇಳಿ ಮಾಂಗಲ್ಯಧಾರಣೆ ಮಾಡಿಸಿದರೆ ಮನೆಯವರ ಪಾಲಿಗೆ ಮದುವೆ ಆಯಿತು. ಒಹಾಯೊ ಸರ್ಕಾರ ಮಾತ್ರ ಇನ್ನೊಂದು ಪ್ರಶ್ನೆ ಕೇಳುತ್ತದೆ: ಆ ಪುರೋಹಿತರು ರಾಜ್ಯದ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಯಲ್ಲಿ ಮದುವೆ ಮಾಡಿಸುವುದಕ್ಕೆ ಪರವಾನಗಿ ಪಡೆದಿದ್ದಾರೆಯೇ? ದೊಡ್ಡ ದೇವಸ್ಥಾನದ ಅರ್ಚಕರ ಹತ್ತಿರ ಸಾಮಾನ್ಯವಾಗಿ ಇರುತ್ತದೆ. ಊರಿನಿಂದ ಕರೆಸಿದ ಮನೆ ಪುರೋಹಿತರಿಗೋ, ಮಿಷಿಗನ್‌ನಿಂದ ಕಾರಿನಲ್ಲಿ ಬರುವ ಶಾಸ್ತ್ರಿಗಳಿಗೋ ಇರಲಿಕ್ಕಿಲ್ಲ. ಮುಹೂರ್ತ ಕೇಳಲು ಹೋದಾಗಲೇ ಇದನ್ನೂ ಕೇಳಿಬಿಡಿ, ಅವರೇನೂ ತಪ್ಪು ತಿಳಿಯುವುದಿಲ್ಲ. ಸೆಕ್ರೆಟರಿ ಆಫ್ ಸ್ಟೇಟ್ ವೆಬ್‌ಸೈಟ್‌ನಲ್ಲಿ ಹೆಸರು ಹಾಕಿ ನೋಡಲೂ ಬಹುದು.

ಶಾಸ್ತ್ರದ ಮದುವೆ ಬೇಡ ಅನ್ನುವವರಿಗೆ ಮುನಿಸಿಪಲ್ ಕೋರ್ಟ್ ಜಡ್ಜ್‌ಗಳು, ಪ್ರೊಬೇಟ್ ಜಡ್ಜ್‌ಗಳು, ಊರಿನ ಮೇಯರ್‌ಗಳು ಇದ್ದಾರೆ. ಕಿವುಡ ಮಕ್ಕಳ ರಾಜ್ಯ ಶಾಲೆಯ ಮುಖ್ಯಸ್ಥರಿಗೂ ಕಾನೂನು ಈ ಅಧಿಕಾರ ಕೊಟ್ಟಿದೆ. ಅಧಿಕಾರ ಇದ್ದರೂ ಎಲ್ಲ ಜಡ್ಜ್‌ಗಳೂ ಮದುವೆ ಮಾಡಿಸುವುದಿಲ್ಲ, ಮೊದಲೇ ದಿನ ಗೊತ್ತು ಮಾಡಿಕೊಳ್ಳಿ. ಸಾಕ್ಷಿಗಳು ಬೇಕೇ ಬೇಕು ಅಂತ ಒಹಾಯೊದಲ್ಲಿ ನಿಯಮವಿಲ್ಲ.

ಮಂಟಪದಿಂದ ಕೋರ್ಟ್‌ಗೆ ವಾಪಸ್

ಇಡೀ ವಿಷಯದಲ್ಲಿ ನಾನು ಒತ್ತಿ ಹೇಳಬೇಕಾದ್ದು ಇದು. ಲೈಸೆನ್ಸ್ ಅಂದರೆ ಮದುವೆಯಾಗಲು ಅನುಮತಿ ಮಾತ್ರ. ಮದುವೆ ಮಾಡಿಸಿದವರು ಅದರಲ್ಲಿನ ತಮ್ಮ ಭಾಗ ತುಂಬಿ, ಸಹಿ ಹಾಕಿ, ಲೈಸೆನ್ಸ್ ಕೊಟ್ಟ ಕೋರ್ಟ್‌ಗೇ 30 ದಿನದೊಳಗೆ ಕಳಿಸಬೇಕು. ಆಗಲೇ ನಿಮ್ಮ ಮದುವೆ ದಾಖಲೆಗೆ ಸೇರುವುದು. ಕಳಿಸದಿದ್ದರೆ ಅವರಿಗೆ 50 ಡಾಲರ್ ದಂಡ ಬೀಳಬಹುದು, ಅದನ್ನು ಲೈಸೆನ್ಸ್ ಮೇಲೇ ದಪ್ಪಕ್ಷರದಲ್ಲಿ ಅಚ್ಚು ಹಾಕಿರುತ್ತಾರೆ. ದಂಡ ಅವರಿಗೆ, ಪರದಾಟ ಮಾತ್ರ ನಿಮಗೆ. ವೀಸಾಕ್ಕೆ ಸರ್ಟಿಫಿಕೇಟ್ ಕೇಳಿದ ದಿನ ಕೋರ್ಟ್‌ನಲ್ಲಿ ನಿಮ್ಮ ಮದುವೆಯ ಸುಳಿವೇ ಇರುವುದಿಲ್ಲ.

ಮದುವೆ ಮನೆಯ ಗಲಾಟೆಯಲ್ಲಿ ಈ ಕಾಗದ ಅಕ್ಷತೆ ತಟ್ಟೆಯ ಕೆಳಗೋ ಉಡುಗೊರೆ ಚೀಲದಲ್ಲೋ ಸೇರಿಹೋಗುವುದು ಸಹಜ. ಅದಕ್ಕೇ ಮನೆಯ ಒಬ್ಬರಿಗೆ ಇದೊಂದೇ ಜವಾಬ್ದಾರಿ ಕೊಡಿ. ಊಟಕ್ಕೆ ಏಳುವ ಮೊದಲೇ ಪುರೋಹಿತರ ಸಹಿ ಹಾಕಿಸಲಿ, ಎರಡೂ ಬದಿಯ ಫೋಟೋ ತೆಗೆದುಕೊಳ್ಳಲಿ, ವಿಳಾಸ ಬರೆದ ಸ್ಟಾಂಪ್ ಹಚ್ಚಿದ ಕವರ್ ಅವರ ಕೈಗೇ ಕೊಡಲಿ. ಕವರ್ ಮೇಲೆ ಲೈಸೆನ್ಸ್ ಕೊಟ್ಟ ಕೌಂಟಿಯ ವಿಳಾಸವೇ ಇರಬೇಕು, ಮದುವೆ ನಡೆದ ಕೌಂಟಿಯದ್ದಲ್ಲ. ಎರಡು ಮೂರು ವಾರ ಬಿಟ್ಟು ಕೋರ್ಟ್‌ಗೆ ಫೋನ್ ಮಾಡಿ, ಬಂದು ಸೇರಿದೆಯಾ ಅಂತ ಕೇಳಿ. ಸೇರಿದೆ ಅಂದ ಕೂಡಲೇ ಎರಡೋ ಮೂರೋ ಸರ್ಟಿಫೈಡ್ ಪ್ರತಿ ತರಿಸಿಕೊಳ್ಳಿ, ಒಂದಕ್ಕೆ ಕೆಲವೇ ಡಾಲರ್ ಆಗುತ್ತದೆ. ತಾನಾಗೇ ಮನೆಗೆ ಬರುತ್ತದೆ ಅಂತ ಕಾಯುತ್ತ ಕೂರಬೇಡಿ.

ಮೊದಲು ಇಲ್ಲಿ ಕಾಗದದ ಮದುವೆ, ಆರು ತಿಂಗಳ ಮೇಲೆ ಮೈಸೂರಿನಲ್ಲೋ ಹುಬ್ಬಳ್ಳಿಯಲ್ಲೋ ಧಾರೆ ಅಂತ ಮಾಡುವವರು ಈಗ ಬಹಳ. ಹಾಗೆ ಮಾಡಿದರೆ ಕಾನೂನಿನ ಲೆಕ್ಕದಲ್ಲಿ ನಿಮ್ಮ ಮದುವೆಯ ತಾರೀಖು ಒಹಾಯೊದ್ದು. ಎಲ್ಲ ಅರ್ಜಿಗಳಲ್ಲೂ ಅದನ್ನೇ ಬರೆಯಿರಿ. ಒಂದರಲ್ಲಿ ಅದು, ಇನ್ನೊಂದರಲ್ಲಿ ಧಾರೆಯ ದಿನ ಅಂತ ಬರೆದರೆ ಉತ್ತರ ಕೊಡುವ ಕಷ್ಟ ನಿಮ್ಮದು. ವರ್ಷಗಟ್ಟಲೆ ಒಟ್ಟಿಗೆ ಬಾಳಿದರೆ ಅದೇ ಮದುವೆಯಾಗುತ್ತದೆ ಅಂತಲೂ ಇಲ್ಲಿ ಇಲ್ಲ. ಅಂಥ ಕಾಮನ್ ಲಾ ಮದುವೆಯನ್ನು ಒಹಾಯೊ 1991ರ ಅಕ್ಟೋಬರ್ 10ರಿಂದ ನಿಲ್ಲಿಸಿದೆ.

ಸರ್ಟಿಫಿಕೇಟ್ ಭಾರತದಲ್ಲಿ ಬಳಸುವುದಾದರೆ

ಸರ್ಟಿಫೈಡ್ ಪ್ರತಿಯ ಮೇಲೆ ಅಪಾಸ್ಟಿಲ್, ಅಂದರೆ ದಾಖಲೆ ಅಸಲಿ ಅಂತ ಬೇರೆ ದೇಶಗಳೂ ಒಪ್ಪುವ ದೃಢೀಕರಣ, ಹಾಕಿಸಬೇಕಾಗುತ್ತದೆ. ಅದನ್ನು ಕೊಡುವುದು ಒಹಾಯೊ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿ. ಅಪಾಸ್ಟಿಲ್ ಒಪ್ಪಂದ ಭಾರತದಲ್ಲಿ 2005ರಿಂದ ಜಾರಿಯಲ್ಲಿದೆ. ಮನೆಯಲ್ಲಿ ತೆಗೆದ ಜೆರಾಕ್ಸ್ ಪ್ರತಿಗೆ ಇದು ಸಿಗುವುದಿಲ್ಲ, ಕೋರ್ಟ್ ಮೊಹರು ಇರುವ ಪ್ರತಿಯೇ ಬೇಕು. ಭಾರತೀಯರನ್ನು ಮದುವೆಯಾದ ವಿದೇಶಿ ಸಂಗಾತಿ ಓಸಿಐ ಕಾರ್ಡ್ ಕೇಳಬೇಕಾದರೆ, ಮದುವೆ ನೋಂದಣಿಯಾಗಿ ಕನಿಷ್ಠ ಎರಡು ವರ್ಷ ನಡೆದಿರಬೇಕು. ಅಲ್ಲಿಗೂ ಈ ದಾಖಲೆಯೇ ಆಧಾರ.

ಮದುವೆಯ ನಂತರ ಹೆಸರು ಬದಲಿಸುವವರು ಮೊದಲು ಸೋಷಿಯಲ್ ಸೆಕ್ಯುರಿಟಿ ಕಚೇರಿ, ಆಮೇಲೆ ಡ್ರೈವಿಂಗ್ ಲೈಸೆನ್ಸ್ ಕೊಡುವ ಬಿಎಂವಿ, ಈ ಕ್ರಮದಲ್ಲಿ ಹೋಗಿ. ಎರಡೂ ಕಡೆ ಸರ್ಟಿಫೈಡ್ ಪ್ರತಿ ಕೇಳುತ್ತಾರೆ.

ಹಳೆಯ ದಾಖಲೆ ಹುಡುಕುವುದು

ಪೆನ್ಷನ್, ವಿಮೆ, ಉಯಿಲು, ತೀರಿಕೊಂಡ ಸಂಗಾತಿಯ ಸೋಷಿಯಲ್ ಸೆಕ್ಯುರಿಟಿ ಹಣ, ಹೀಗೆ ಎಷ್ಟೋ ಕಾರಣಕ್ಕೆ ಹಳೆಯ ಮದುವೆ ದಾಖಲೆ ಬೇಕಾಗುತ್ತದೆ. ಇದರ ಬೆಲೆ ಎಷ್ಟು ಅನ್ನುವುದಕ್ಕೆ ಒಹಾಯೊದಲ್ಲೇ ದೊಡ್ಡ ಉದಾಹರಣೆ ಇದೆ. ಸಿನ್ಸಿನಾಟಿಯ ಜಿಮ್ ಒಬರ್‌ಗೆಫೆಲ್ ಮತ್ತು ಜಾನ್ ಆರ್ಥರ್ 2013ರಲ್ಲಿ ಮೇರಿಲ್ಯಾಂಡ್‌ಗೆ ಹೋಗಿ ಮದುವೆಯಾದರು. ಆಗ ಒಹಾಯೊ ಒಂದೇ ಲಿಂಗದವರ ಮದುವೆಯನ್ನು ಒಪ್ಪುತ್ತಿರಲಿಲ್ಲ. ಆರ್ಥರ್ ಸಾವಿನ ಅಂಚಿನಲ್ಲಿದ್ದರು. ಅವರ ಮರಣ ಪ್ರಮಾಣಪತ್ರದಲ್ಲಿ ಸಂಗಾತಿ ಅಂತ ತನ್ನ ಹೆಸರು ಬರಲಿ ಅನ್ನುವುದು ಒಬರ್‌ಗೆಫೆಲ್ ಬೇಡಿಕೆ. ಕಾಗದದ ಆ ಒಂದು ಸಾಲಿಗಾಗಿ ಶುರುವಾದ ಕೇಸು 2015ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್‌ನಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ತೀರ್ಪಾಯಿತು. ಈಗ ಒಹಾಯೊದ ಕೋರ್ಟ್‌ಗಳಲ್ಲೂ ಎಲ್ಲರಿಗೂ ಅದೇ ಲೈಸೆನ್ಸ್.

ಹುಡುಕಾಟಕ್ಕೆ ಬೇಕಾದ್ದು ಮೂರು: ಇಬ್ಬರಲ್ಲಿ ಒಬ್ಬರ ಹೆಸರು, ಸುಮಾರು ಯಾವ ವರ್ಷ, ಯಾವ ಕೌಂಟಿ. ರಾಜ್ಯದ ಆರೋಗ್ಯ ಇಲಾಖೆಗೆ ಬರೆದರೆ ಸರ್ಟಿಫಿಕೇಟ್ ಸಿಗುತ್ತದೆ ಅಂತ ಹಲವರು ಅಂದುಕೊಂಡಿದ್ದಾರೆ. ಸರ್ಟಿಫೈಡ್ ಪ್ರತಿ ಕೊಡುವುದು ಲೈಸೆನ್ಸ್ ಕೊಟ್ಟ ಕೋರ್ಟ್ ಮಾತ್ರ. ಈ ದಾಖಲೆಗಳು ಸಾರ್ವಜನಿಕ. ಅಪ್ಪ ಅಮ್ಮನದ್ದು, ಅಜ್ಜ ಅಜ್ಜಿಯದ್ದು ಯಾರು ಬೇಕಾದರೂ ಕೇಳಬಹುದು.

ಮೊದಲು ಆ ಕೌಂಟಿಯ ಪ್ರೊಬೇಟ್ ಕೋರ್ಟ್ ವೆಬ್‌ಸೈಟ್‌ನಲ್ಲಿ ಮದುವೆ ದಾಖಲೆಗಳ ಹುಡುಕಾಟ ಇದೆಯಾ ನೋಡಿ. ಹೆಸರು ಹಾಕುವಾಗ ಕನ್ನಡ ಹೆಸರುಗಳ ಎಲ್ಲ ಸ್ಪೆಲಿಂಗ್ ಪ್ರಯತ್ನಿಸಿ. ಲಕ್ಷ್ಮೀ, ಶ್ರೀನಿವಾಸ, ವಿಶ್ವೇಶ್ವರಯ್ಯ ಇಂಥ ಹೆಸರುಗಳನ್ನು ಇಂಗ್ಲಿಷ್‌ನಲ್ಲಿ ಗುಮಾಸ್ತರು ಹೇಗೆ ಬರೆದುಕೊಂಡಿರುತ್ತಾರೋ ಹೇಳಲಾಗದು. ಹೆಸರು, ಸರ್‌ನೇಮ್ ಅದಲು ಬದಲು ಮಾಡಿ ನೋಡಿ. ಸಿಗಲೇ ಇಲ್ಲವೆಂದರೆ ಸಂಗಾತಿಯ ಹೆಸರಿನಿಂದ ಹುಡುಕಿ. ಸಿಕ್ಕಾಗ ವಾಲ್ಯೂಮ್ ನಂಬರ್, ಪುಟದ ನಂಬರ್ ಬರೆದುಕೊಳ್ಳಿ. ಅದನ್ನು ಅರ್ಜಿಯಲ್ಲಿ ಕೊಟ್ಟರೆ ಕೋರ್ಟ್‌ನವರಿಗೂ ಕೆಲಸ ಸುಲಭ.

ಇನ್ನೂ ಹಿಂದಕ್ಕೆ ಹೋಗುವವರಿಗೆ ಫ್ಯಾಮಿಲಿಸರ್ಚ್ ವೆಬ್‌ಸೈಟ್ ದೊಡ್ಡ ಆಸರೆ. 1789ರಿಂದ ಶುರುವಾಗುವ ಒಹಾಯೊ ಕೌಂಟಿ ಮದುವೆ ದಾಖಲೆಗಳು ಅಲ್ಲಿವೆ, ಖಾತೆ ತೆರೆಯಲು ದುಡ್ಡು ಬೇಡ. ಈಗಿನ ಪ್ರೊಬೇಟ್ ಕೋರ್ಟ್‌ಗಳು ಹುಟ್ಟಿದ್ದು 1851ರ ರಾಜ್ಯ ಸಂವಿಧಾನದಿಂದ. ಅದಕ್ಕೂ ಹಿಂದಿನ ದಾಖಲೆಗಳು ಕಾಮನ್ ಪ್ಲೀಸ್ ಕೋರ್ಟ್‌ನ (ಕೌಂಟಿಯ ಸಾಮಾನ್ಯ ಮೊಕದ್ದಮೆಗಳ ಕೋರ್ಟ್) ಕಡತಗಳಿಂದ ಬಂದವು. ಕೌಂಟಿಗಳು ಒಡೆದು ಹೊಸದಾಗುತ್ತಿದ್ದ ಕಾಲ ಅದು. ಕೊನೆಯದಾದ ನೋಬಲ್ ಕೌಂಟಿ ಆಗಿದ್ದು 1851ರಲ್ಲಿ. ಅದಕ್ಕಿಂತ ಮುಂಚಿನ ಮದುವೆಯಾದರೆ ಆ ಊರು ಆಗ ಯಾವ ಕೌಂಟಿಯಲ್ಲಿತ್ತು ಅಂತ ನೋಡಿ ಅಲ್ಲಿ ಕೇಳಬೇಕು.

ಸಿನ್ಸಿನಾಟಿಯ ಹಳೆಯ ದಾಖಲೆ ಹುಡುಕುವವರಿಗೆ ಇನ್ನೊಂದು ಮಾತು. 1884ರ ಮಾರ್ಚ್‌ನಲ್ಲಿ ಒಂದು ಕೊಲೆ ಕೇಸಿನ ತೀರ್ಪಿನಿಂದ ಸಿಟ್ಟಿಗೆದ್ದ ಜನ ಹ್ಯಾಮಿಲ್ಟನ್ ಕೌಂಟಿಯ ಕೋರ್ಟ್ ಕಟ್ಟಡಕ್ಕೇ ಬೆಂಕಿ ಹಚ್ಚಿದರು. ರಾಶಿ ರಾಶಿ ಕಡತ ಸುಟ್ಟುಹೋಯಿತು. ಅದಕ್ಕೆ ಹಿಂದಿನ ಮದುವೆ ಅಲ್ಲಿ ಸಿಗದಿದ್ದರೆ ಮದುವೆ ನಡೆದೇ ಇಲ್ಲ ಅಂತ ಅರ್ಥವಲ್ಲ. ಚರ್ಚಿನ ರಿಜಿಸ್ಟರ್, ಆ ಕಾಲದ ಪತ್ರಿಕೆ, ಜನಗಣತಿಯ ಪುಟ, ಸಮಾಧಿ ಕಲ್ಲು ಇವುಗಳ ಕಡೆಯಿಂದ ಹುಡುಕಬೇಕು. ಕಾನೂನಿನ ಕೆಲಸಕ್ಕೇ ಪುರಾವೆ ಬೇಕಿದ್ದರೆ, ಕೋರ್ಟ್‌ನವರು ಹುಡುಕಿ ನೋಡಿ ದಾಖಲೆ ಸಿಗಲಿಲ್ಲ ಅಂತ ಬರೆದು ಕೊಡುವ ಪತ್ರವನ್ನು ಕೇಳಿ ಪಡೆದುಕೊಳ್ಳಿ, ಬೇರೆ ಪುರಾವೆಗಳ ಜೊತೆ ಅದನ್ನೂ ಸೇರಿಸಿ ಕೊಡಿ.